ಬರೋಣ

ಆರನೇ ಇಯತ್ತೆಯಲ್ಲಿದ್ದಾಗಿನ ಮಾತು. ಮೀರಜದಿಂದ ಬರಬೇಕಿದ್ದ ಸೋದರಮಾವನಿಗಾಗಿ ಘಟಪ್ರಭಾ ಸ್ಟೇಶನ್ನಿನಲ್ಲಿ ಕಾಯುತ್ತ ನಿಂತಿದ್ದೆ. ಯಾರೋ ಒಬ್ಬರು ನಾಲ್ಕು ಪುಟದ ಹಾಳೆಯೊಂದನ್ನು ಕೈಗಿಟ್ಟು ಮುಂದೆ ಹೋದರು. ಪುಕ್ಕಟೆ ಸಿಕ್ಕ ಅಕ್ಷರವನ್ನು ಓದದೆ ಬಿಡುವ ಜಾಯಮಾನ ನನ್ನದಲ್ಲ. ನಾಗನೂರಿಗೆ ಬಂದವನೇ ಪಡಸಾಲೆಯಲ್ಲಿ ಕೂತು ದೊಡ್ಡ ದನಿ ತೆಗೆದು ಓದಿದೆ. ತಲೆಬರಹ ಇದ್ದದ್ದು ‘ಕ್ರಿಸ್ತನ ಎರಡನೆಯ ಬರೋಣ’ ಅಂತ. ಆಯಿ ಮೊರದಲ್ಲಿ ಜೋಳ ಹಸನ ಮಾಡುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು:

“ಎಲ್ಲಿಗಿ ಬರೂನಂತಾನೋ ತಮ್ಮಾ?”

“ಎಲ್ಲಿಗೂ ಅಲ್ಲ ಆಯಿ. ಅವ್ನ ಬರ್ತಾನಂತ.”

“ಅವ್ನ ಬರಾಂವಿದ್ರ ಬರ್ತೀನಿ ಅನ್ನಬೇಕು. ಬರೂನು ಅಂದ್ರ ನಮ್ಮನ್ನೂ ಕರಕೊಂಡ ಹೊಂಟಾನ ಅಂದಂಗಾತು.”

ನಾನು ನಕ್ಕೆ. ಮಾವನೂ ನಕ್ಕ. ಆಯಿ ಕೇಳಿದ್ದು ಅಪ್ಪಟ ವ್ಯಾಕರಣದ ಪ್ರಶ್ನೆ ಅಂತ ತಿಳಿಯುವುದಕ್ಕೆ ನನಗೆ ಇಪ್ಪತ್ತು ವರ್ಷ ಹಿಡಿಯಿತು.

ದಿನದ ಮಾತಿನಲ್ಲಿ ‘ಬರೋಣ’ ಅಂದರೆ ಆಯಿ ಹೇಳಿದ್ದೇ ಸರಿ. ‘ಗೋಕಾಕಕ್ಕೆ ಹೋಗಿ ಬರೋಣ’ ಅಂದರೆ ನಾನೂ ನೀನೂ ಕೂಡಿ. ಕೇಳುವವನನ್ನು ಹೊರಗಿಟ್ಟು ಈ ರೂಪ ಬಳಸಲು ಬರುವುದಿಲ್ಲ. ‘ನಾವು’ ಅನ್ನುವ ಶಬ್ದಕ್ಕಾದರೂ ಆ ಹೊಂದಿಕೆ ಉಂಟು: ‘ನಾವು ನಾಳೆ ಲಗ್ನಕ್ಕ ಹೊಂಟೀವಿ’ ಅಂದಾಗ ಕೇಳುವವನು ಆಮಂತ್ರಣ ಬಂತೆಂದು ತಿಳಿಯಬೇಕಾಗಿಲ್ಲ. ‘ಹೋಗೋಣ’ ಅಂದರೆ ಮಾತ್ರ ಅವನು ಚಪ್ಪಲಿ ಹುಡುಕಲೇಬೇಕು. ಹಾಗಿದ್ದರೆ ದೇವಾಲಯದಲ್ಲಿ, ಕರಪತ್ರದಲ್ಲಿ, ಕ್ರೈಸ್ತ ಪದಗಳಲ್ಲಿ ಈ ‘ಬರೋಣ’ ಒಬ್ಬನೇ ಒಬ್ಬನ ಬರುವಿಕೆಗೆ ಹೆಸರಾಗಿ ಹೇಗೆ ನಿಂತಿತು?

ಈ ಶಬ್ದದ ಹಳೆಯ ಕೆಲಸ ಬೇರೆ ಇತ್ತು. ಬಾಯಲ್ಲಿ ‘ಬರುವ’ ಸವೆದು ‘ಬರೋ’ ಆಗುತ್ತದೆ, ‘ಮಾಡುವ’ ‘ಮಾಡೋ’ ಆಗುತ್ತದೆ. ಅದೇ ಜಾಡಿನಲ್ಲಿ ‘ಬರುವಣ’ ‘ಬರೋಣ’ ಆಯಿತು. ಅದು ಆಗ ಬರೀ ನಾಮಪದ. ಬರುವಿಕೆ, ಬರವು ಅಂತ ಅರ್ಥ. ‘ತಮ್ಮ ಬರೋಣದಿಂದ ಸಂತೋಷವಾಯಿತು’ ಎಂಬಂಥ ವಾಕ್ಯವನ್ನು ಹತ್ತೊಂಬತ್ತನೇ ಶತಮಾನದ ಗದ್ಯ ಸಲೀಸಾಗಿ ನುಂಗುತ್ತಿತ್ತು. ಕಂಪನಿ ನಾಟಕ ಕಂಡವರ ಕಿವಿಯಲ್ಲಿ ಅದರ ಕೊನೆಯ ಸದ್ದು ಇನ್ನೂ ಇದ್ದೀತು: ‘ದಯಮಾಡೋಣವಾಗಲಿ’, ‘ಆಸೀನರಾಗೋಣವಾಗಲಿ’. ದೊಡ್ಡವರಿಗೆ ‘ಬಾ’, ‘ಕೂಡು’ ಅನ್ನುವಂತಿಲ್ಲ. ‘ಬನ್ನಿ’ ಅಂದರೂ ಅಪ್ಪಣೆಯೇ. ಅದಕ್ಕೆ ‘ಬರುವ ಕ್ರಿಯೆ ಆಗಲಿ’ ಅಂತ ಗಾಳಿಗೆ ಹೇಳಿದ ಹಾಗೆ ಹೇಳುವುದು. ಕರ್ತೃವೂ ಇಲ್ಲ, ಕಾಲವೂ ಇಲ್ಲ. ಆಮೇಲೆ ‘ಆಗಲಿ’ ಉದುರಿಹೋಯಿತು, ಆ ಬಿನ್ನಹದ ಬಿಸಿ ಮಾತ್ರ ‘ಓಣ’ದಲ್ಲಿ ಉಳಿದು ‘ನಾವೆಲ್ಲ ಸೇರಿ ಮಾಡುವಾ’ ಅಂತಾಯಿತು ಅನ್ನುವುದು ನನ್ನ ಊಹೆ. ಅದೇ ‘ಓಣ’ ಕಚೇರಿಯ ಮೇಜಿನ ಹಿಂದೆ ಕೂತಾಗ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ‘ನೋಡೋಣ’ ಅನ್ನುತ್ತದೆ. ಕನ್ನಡದಲ್ಲಿ ‘ನೋಡೋಣ’ದಷ್ಟು ಉದ್ದನೆಯ ಕಾಲಾವಧಿ ಇನ್ನೊಂದಿಲ್ಲ.

ಬೈಬಲ್ಲು ಕನ್ನಡಕ್ಕೆ ಬಂದದ್ದು ‘ಬರೋಣ’ ಇನ್ನೂ ನಾಮಪದವಾಗಿ ಓಡಾಡುತ್ತಿದ್ದ ಕಾಲಕ್ಕೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಯಲ್ಲಿ ನೆಲೆಯೂರಿ ಅನುವಾದಕ್ಕೆ ಕೂತ. 1831ರ ಹೊತ್ತಿಗೆ ಇಡೀ ಗ್ರಂಥ ಕನ್ನಡವಾಯಿತು. ನಡುವೆ 1820ರಲ್ಲಿ ಅದೇ ಮಿಷನ್ನಿನ ಜೋಸೆಫ್ ಟೇಲರ್ ಬೆಳಗಾವಿಗೆ ಬಂದ. ನಮ್ಮ ಜಿಲ್ಲೆಯ ಪ್ರೊಟೆಸ್ಟಂಟ್ ಕಥೆ ಶುರುವಾಗುವುದು ಅಲ್ಲಿಂದ. ಈ ಜನರ ಮುಂದಿದ್ದ ಗ್ರೀಕ್ ಶಬ್ದ ‘ಪರೂಸಿಯ’. ಅದರ ಬೇರಿನ ಅರ್ಥ ‘ಹತ್ತಿರ ಇರುವುದು’. ಬಳಕೆಯಲ್ಲಿ ಮಾತ್ರ ಅದು ಅರಸನ ಸವಾರಿಗೆ ಮೀಸಲಾದ ಮಾತು. ಗ್ರೀಕ್ ದೊರೆಗಳು ಈಜಿಪ್ಟನ್ನು ಆಳುವಾಗ ರಾಜನ ಪರೂಸಿಯ ಇದೆ ಅಂದರೆ ಊರವರು ದವಸ ಕೂಡಿಸಬೇಕು, ಕಾಣಿಕೆಗೆ ವಂತಿಗೆ ಎತ್ತಬೇಕು. ಅಲ್ಲಿ ಸಿಕ್ಕ ಹಳೆಯ ಪಪೈರಸ್ ಕಾಗದಗಳಲ್ಲಿ ಅದರ ಲೆಕ್ಕಪತ್ರವೇ ಉಂಟು. ನಮ್ಮ ಕಡೆಗೆ ಮಂತ್ರಿಗಳು ಬರುವ ಹಿಂದಿನ ರಾತ್ರಿ ರಸ್ತೆಗೆ ಡಾಂಬರು ಬೀಳುವುದನ್ನು ಕಂಡವರಿಗೆ ಪರೂಸಿಯದ ಅರ್ಥ ಹೇಳಬೇಕಾಗಿಲ್ಲ.

ಹಳಗನ್ನಡದಲ್ಲಿ ಇದಕ್ಕೆ ಹೇಳಿ ಮಾಡಿಸಿದಂಥ ಶಬ್ದ ಇತ್ತು: ಬಿಜಯಂಗೆಯ್. ವಿಜಯ ಎಂಬುದೇ ಬಿಜಯವಾಗಿ, ದೊರೆಯೋ ದೇವರೋ ಬಂದರೆ ‘ಬಿಜಯಂಗೆಯ್ದರು’. ಅನುವಾದಕರು ಅದನ್ನು ಎತ್ತಿಕೊಳ್ಳಲಿಲ್ಲ. ಸಂತೆಗೆ ಬರುವವನಿಗೂ ಸಲ್ಲುವ ‘ಬರೋಣ’ವನ್ನು ಹಿಡಿದರು. ನನಗೆ ಅದು ಸರಿಯೆನಿಸುತ್ತದೆ. ಎಲ್ಲರೂ ಹಾಗೆ ಮಾಡಲಿಲ್ಲ ಅನ್ನುವುದೂ ಅಷ್ಟೇ ನಿಜ. ಇನ್ನೊಂದು ಸಾಲಿನ ಅನುವಾದಗಳು ‘ಪ್ರತ್ಯಕ್ಷ’ವನ್ನು ಆರಿಸಿಕೊಂಡವು, ಅಲ್ಲಿ ಬರುವ ದಾರಿ ಇಲ್ಲ, ಕಣ್ಣೆದುರು ನಿಲ್ಲುವ ಗಳಿಗೆ ಮಾತ್ರ ಇದೆ. ಕಥೋಲಿಕರಲ್ಲಿ ‘ಪುನರಾಗಮನ’, ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಹೊತ್ತು ಅವರಿಗೆ ‘ಆಗಮನ ಕಾಲ’, ಮೊದಲ ಬರವಿನ ನೆನಪನ್ನೂ ಎರಡನೆಯದರ ಹಾದಿಯನ್ನೂ ಒಟ್ಟಿಗೇ ಕಟ್ಟಿಕೊಂಡದ್ದು. ಯೆಹೋವನ ಸಾಕ್ಷಿಗಳು ಬೇರಿನ ಅರ್ಥಕ್ಕೇ ಅಂಟಿಕೊಂಡು ‘ಸಾನ್ನಿಧ್ಯ’ ಅನ್ನುತ್ತಾರೆ.

ಇದು ಬರೀ ಶಬ್ದದ ರುಚಿಯ ಮಾತಲ್ಲ. ‘ಬರೋಣ’ ಅಂದರೆ ಇನ್ನೂ ಬಂದಿಲ್ಲ, ದಾರಿ ನೋಡಬೇಕು. ‘ಸಾನ್ನಿಧ್ಯ’ ಅಂದರೆ ಕಣ್ಣಿಗೆ ಕಾಣದೆಯೂ ಇರಬಹುದು. ಅದಕ್ಕೇ ಆ ಪಂಥದವರು ಕ್ರಿಸ್ತನ ಸಾನ್ನಿಧ್ಯ 1914ರಲ್ಲೇ ಅಗೋಚರವಾಗಿ ಶುರುವಾಗಿದೆ ಎಂದು ಹೇಳಬಲ್ಲರು. ‘ಬರೋಣ’ ಹಿಡಿದವರಿಗೆ ಆ ಮಾತು ಬಾಯಿಗೇ ಬರುವುದಿಲ್ಲ. ಗುಡಿಯ ಸನ್ನಿಧಿಯಲ್ಲಿ ಕೈಮುಗಿದು ನಿಂತ ಕನ್ನಡಿಗನಿಗೆ ದೇವರು ಎಷ್ಟೊತ್ತಿಗೆ ಬಂದ ಅಂತ ಕೇಳಬೇಕೆನಿಸುವುದುಂಟೆ? ಶಬ್ದ ಬದಲಾದರೆ ಪಂಚಾಂಗವೇ ಬದಲಾಗುತ್ತದೆ.

ಬರೋಣದ ಬೆನ್ನಿಗೆ ಅಂಟಿಕೊಂಡೇ ಬರುವ ಇನ್ನೊಂದು ಶಬ್ದ ‘ಬೇಗ’. ಬೈಬಲ್ಲಿನ ಕೊನೆಯ ಪುಸ್ತಕ ‘ಪ್ರಕಟನೆ’. ಅದರ ಕೊನೆಯ ಅಧ್ಯಾಯದಲ್ಲಿ ಮೂರು ಸಲ ‘ಬೇಗ ಬರುತ್ತೇನೆ’ ಎಂಬ ಮಾತು ಬರುತ್ತದೆ. ಎಲ್ಲ ಜಗಳ ಇರುವುದು ಇದರಲ್ಲೇ. ಬರೆದು ಸಾವಿರದ ಒಂಬೈನೂರು ವರ್ಷ ಕಳೆದವು. ಬೇಗ ಅಂದರೆ ಎಷ್ಟು ಬೇಗ?

ಸಂಸ್ಕೃತದ ವಕಾರ ನಮ್ಮ ಬಾಯಿಗೆ ಬಂದಾಗ ಬಕಾರವಾಗುವುದು ಹಳೆಯ ರೂಢಿ. ವರ್ಣ ಬಣ್ಣವಾಯಿತು, ವಸತಿ ಬಸದಿಯಾಯಿತು, ವೃಷಭ ಬಸವನಾದ. ಹಾಗೆ ವೇಗ ‘ಬೇಗ’ವಾಯಿತು. ಅಂದರೆ ಹುಟ್ಟಿನಿಂದ ಇದು ಓಟದ ಶಬ್ದ, ಹೊತ್ತಿನ ಶಬ್ದವಲ್ಲ. ‘ಬೇಗ ಬೇಗ ಉಣ್ಣು’ ಅಂದರೆ ಕೈ ಚುರುಕಾಗಬೇಕು. ‘ಇವತ್ತು ಬೇಗ ಉಂಡೆವು’ ಅಂದರೆ ನಿಧಾನವಾಗಿಯೇ ಉಂಡಿರಬಹುದು, ಹೊತ್ತು ಮುಂಚೆ ಅಷ್ಟೆ. ಒಂದೇ ಶಬ್ದ ಎರಡೂ ದೋಣಿಯಲ್ಲಿ ಕಾಲಿಟ್ಟಿದೆ. ಗ್ರೀಕಿನ ‘ತಾಖು’ವಿನ ಹಣೆಬರಹವೂ ಇದೇ. ಎಂಜಿನ್ನು ತಿರುಗುವ ವೇಗ ಅಳೆಯುವ ಟ್ಯಾಕೋಮೀಟರಿನಲ್ಲಿ ಕೂತಿರುವುದು ಅದರ ಒಡಹುಟ್ಟು. ಹಾಗಾಗಿ ಒಂದು ಬಣದ ವ್ಯಾಖ್ಯಾನಕಾರರು, ‘ಯಾವಾಗಲೋ ಬರುತ್ತಾನೆ, ಬಂದಾಗ ಮಿಂಚಿನ ಹಾಗೆ ಬರುತ್ತಾನೆ’ ಅಂತ ಬಿಡಿಸುತ್ತಾರೆ. ವ್ಯಾಕರಣ ಅದಕ್ಕೆ ಅಡ್ಡ ಬರುವುದಿಲ್ಲ. ಆದರೆ ಅದೇ ಪುಸ್ತಕದ ಮೊದಲಲ್ಲೂ ಕೊನೆಯಲ್ಲೂ ‘ಸಮಯ ಹತ್ತಿರ’ ಎಂಬರ್ಥದ ಮಾತಿದೆ. ಹತ್ತಿರಕ್ಕೆ ವೇಗದ ಅರ್ಥ ಹಚ್ಚಲು ಬರುವುದಿಲ್ಲವಲ್ಲ. ತಡವಾದ ಮೇಲೆ ಹೊಳೆದ ಅರ್ಥ ಇದು ಅನ್ನುವುದು ನನ್ನ ಅನುಮಾನ.

ನಾಗನೂರಿನಲ್ಲಿ ಯಾರೂ ‘ಬೇಗ’ ಅನ್ನುವುದಿಲ್ಲ, ಅದು ಪುಸ್ತಕದ ಮಾತು. ನಮ್ಮದು ‘ಲಗೂ’. ಸಂಸ್ಕೃತದ ಲಘು, ಹಗುರ. ಹೊರೆ ಇಲ್ಲದವನು ಬಿರುಸಾಗಿ ನಡೆಯುತ್ತಾನೆ, ಅದಕ್ಕೇ ಲಗೂ. ಬಿರುಸು ಹೆಚ್ಚಾದರೆ ‘ದೌಡ ಬಾ’, ಅಂದರೆ ಓಡುತ್ತ ಬಾ. ಪ್ಯಾಟಿಯಲ್ಲಿ ಉರ್ದುವಿನ ‘ಜಲ್ದಿ’. ಒಂದು ತೂಕದಿಂದ ಬಂತು, ಒಂದು ಓಟದಿಂದ ಬಂತು, ಒಂದಕ್ಕೂ ಗಡಿಯಾರದ ಪರಿಚಯ ಇಲ್ಲ.

ಲಗೂನ ನಿಜವಾದ ಅರ್ಥ ನನಗೆ ತಿಳಿದದ್ದು ಕಬ್ಬಿನ ಹೊಲದಲ್ಲಿ. ಕಟಾವಿಗೆ ಬೀಡ ಕಡೆಯ ಟೋಳಿ ಬರಬೇಕು. ಯಾರ ಹೊಲಕ್ಕೆ ಮೊದಲು ಅನ್ನುವುದು ಕಾರ್ಖಾನೆಯ ಪಾಳಿ ಪಟ್ಟಿಯಲ್ಲಿ. ಫೀಲ್ಡ್‌ಮನ್ ಮೋಟರ್‌ಸೈಕಲ್ಲಿನಿಂದ ಇಳಿಯದೆ, ಒಂದು ಕಾಲು ಬದುವಿನ ಮೇಲಿಟ್ಟುಕೊಂಡು ‘ಲಗೂ ಬರ್ತದ್ರಿ ಟೋಳಿ’ ಅಂದು ಹೋದ. ಅಪ್ಪ ಅವತ್ತೇ ಬಂಡಿಯ ದಾರಿ ಸಮ ಮಾಡಿಸಿದ, ನೀರು ನಿಲ್ಲಿಸಿದ. ಹದಿನೈದು ದಿನ ಕಳೆಯಿತು, ತಿಂಗಳು ಕಳೆಯಿತು. ಕಬ್ಬು ಹೂ ಬಿಟ್ಟಿತು, ಗಳ ಬೆಂಡಾಗತೊಡಗಿತು, ದಿನಾ ತೂಕ ಇಳಿಯಿತು. ಮತ್ತೆ ನೀರು ಹಾಯಿಸೋಣವೆಂದರೆ ನಾಳೆಯೇ ಟೋಳಿ ಬಂದು ಹೊಲ ಕೆಸರಾಗಿದ್ದರೆ? ಬಿಡೋಣವೆಂದರೆ ಬಿಸಿಲು. ಫೀಲ್ಡ್‌ಮನ್ ಸಿಕ್ಕಾಗಲೆಲ್ಲ ಅದೇ ಮಾತು, ಅದೇ ಮುಖ. ಅವನು ಸುಳ್ಳು ಹೇಳಿದ ಅಂತಲೂ ಅನ್ನಲಾಗದು. ಟೋಳಿ ಬಂತು, ಬಂದ ಮೇಲೆ ಎರಡೇ ದಿನದಲ್ಲಿ ಹೊಲ ಬೋಳು ಮಾಡಿತು. ಅವನ ಲಗೂ ಟೋಳಿಯ ಕೈಯದು, ಅಪ್ಪನ ಲಗೂ ಕಬ್ಬಿನ ತೂಕದ್ದು. ಪ್ರಕಟನೆಯ ಆ ಮಾತನ್ನು ಈಗ ಓದುವಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಅಪ್ಪ ಸಮ ಮಾಡಿಸಿದ ಆ ಬಂಡಿದಾರಿ. ಮೊದಮೊದಲಿನ ಕ್ರೈಸ್ತರೂ ದಾರಿ ಸಮ ಮಾಡಿಕೊಂಡು ಕೂತವರೇ. ಥೆಸಲೋನಿಕದಲ್ಲಿ ಕೆಲವರು ದುಡಿಮೆಯನ್ನೇ ಬಿಟ್ಟಿದ್ದರೆಂದು ಅಲ್ಲಿಗೆ ಬರೆದ ಎರಡನೆಯ ಕಾಗದದಲ್ಲಿ ಬೈಗುಳ ಇದೆ. ಮೊದಲನೆಯ ಕಾಗದದಲ್ಲಿ ಪೌಲ ಕರ್ತನ ಬರೋಣದ ತನಕ ಉಳಿದಿರುವವರ ಮಾತು ಎತ್ತಿ ‘ನಾವು’ ಅನ್ನುತ್ತಾನೆ. ತನ್ನನ್ನೂ ಸೇರಿಸಿಕೊಂಡನೆ? ಮೇಲೆ ಹೇಳಿದ ಲಗ್ನದ ‘ನಾವು’ ಇಲ್ಲಿಯೂ ಬಂದು ನಿಂತಿದೆ.

‘ಸಂತತಿ’ಯ ಕಥೆಯೂ ಇಂಥದೇ. ಇವೆಲ್ಲ ಆಗುವ ಮುಂಚೆ ಈ ‘ಗೆನೆಯ’ ಮುಗಿಯದು ಎಂಬ ಅರ್ಥದ ಮಾತು ಮತ್ತಾಯನ ಸುವಾರ್ತೆಯಲ್ಲಿದೆ. ಕನ್ನಡ ಬೈಬಲ್ಲು ಅಲ್ಲಿ ‘ಸಂತತಿ’ ಅನ್ನುತ್ತದೆ. ಗೆನೆಯ ಅಂದರೆ ಸಾಮಾನ್ಯವಾಗಿ ಒಂದು ತಲೆಮಾರು. ತಲೆಮಾರು ಅಂತ ಹಿಡಿದವರು, ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯ ಸುಟ್ಟದ್ದೇ ಆ ಮಾತಿನ ಗುರಿ, ನಲವತ್ತು ವರ್ಷದೊಳಗೆ ಸರಿಯಾಗಿ ಮುಟ್ಟಿತು ಅನ್ನುತ್ತಾರೆ. ಕುಲ ಅಂತ ಹಿಡಿದವರಿಗೆ ಗಡುವೇ ಇಲ್ಲ. ನಮ್ಮ ‘ಸಂತತಿ’ಗೆ ಎರಡೂ ಅರ್ಥ ಇರುವುದರಿಂದ ಕನ್ನಡದ ಬೋಧಕರಿಗೆ ಸುಲಭವಾಯಿತು. ‘ತಲೆಮಾರು’ ಅಂತ ಹಾಕಿದ್ದರೆ ಎಷ್ಟೋ ಪ್ರಸಂಗಗಳು ಅರ್ಧದಲ್ಲೇ ಕೆಮ್ಮಬೇಕಾಗುತ್ತಿತ್ತು.

ಶಬ್ದ ಬಿಟ್ಟು ಅಂಕಿಗೆ ಕೈ ಹಾಕಿದವರ ಪಾಡು ಇನ್ನೂ ಕಷ್ಟದ್ದು. ಕನ್ನಡಕ್ಕೆ ಇದರ ಸಂಬಂಧ ಅಷ್ಟಿಷ್ಟಲ್ಲ. ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ (1687–1752) ಗ್ರೀಕ್ ಹೊಸ ಒಡಂಬಡಿಕೆಯ ಪಾಠಗಳನ್ನು ತೂಗಿ ನೋಡಿದ ಮಹಾ ಪಂಡಿತ. ಅಷ್ಟು ಎಚ್ಚರದ ಮನುಷ್ಯ ಪ್ರಕಟನೆಯ ಅಂಕಿಗಳನ್ನು ಕೂಡಿ ಕಳೆದು, 1836ರ ಜೂನ್ 18ಕ್ಕೆ ಸಾವಿರ ವರ್ಷದ ರಾಜ್ಯ ಶುರು ಅಂತ ಬರೆದಿಟ್ಟ. ಅವನನ್ನು ನಂಬಿದ ಸೀಮೆಯಿಂದ ಹಲವು ರೈತ ಕುಟುಂಬಗಳು 1817ರ ಹೊತ್ತಿಗೆ ಗಂಟುಮೂಟೆ ಕಟ್ಟಿ ಕಾಕಸಸ್ ಕಡೆ ನಡೆದವು. ಬಾಸೆಲ್ ಮಿಷನ್ನಿಗೆ ಅತಿ ಹೆಚ್ಚು ಹುಡುಗರನ್ನು ಕೊಟ್ಟದ್ದೂ ಅದೇ ಸೀಮೆ. 1834ರಲ್ಲಿ ಮಂಗಳೂರಿಗೆ ಬಂದ ಮೊದಲ ಮೂವರಲ್ಲಿ ಸ್ಯಾಮ್ಯುಯೆಲ್ ಹೆಬಿಕ್ ಅಲ್ಲಿಯವನು. ಆಮೇಲೆ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಅಲ್ಲಿಯವನು. ಮೋಗ್ಲಿಂಗ್ ಮಂಗಳೂರಿಗೆ ಬಂದದ್ದು 1836ರಲ್ಲಿ, ಬೆಂಗೆಲ್ ಗೊತ್ತು ಮಾಡಿದ ವರ್ಷವೇ. ಅಂಕಿ ಹುಚ್ಚಿನ ರುಚಿ ನೋಡಬೇಕೆಂದರೆ ಇದನ್ನೂ ಕೇಳಿ: ಬೆಂಗೆಲ್ ತೀರಿಕೊಂಡದ್ದು 1752ರಲ್ಲಿ, ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟಿನ ಪುಟಗಳೂ 1752. ಪ್ರವಾದನೆಯ ಗೀಳು ಹತ್ತಿದವನಿಗೆ ಇಷ್ಟು ಸಾಕು, ಕನ್ನಡವೇ ಕಡೆಗಾಲದ ಗುರುತು ಅಂತ ಸಾಧಿಸಿಬಿಟ್ಟಾನು.

ಆ ಜರ್ಮನರು ಘಟ್ಟ ಹತ್ತಿ ಧಾರವಾಡ, ಹುಬ್ಬಳ್ಳಿಗೆ ಬಂದಾಗ ಇಲ್ಲಿಯವರೂ ಆಗಲೇ ಒಬ್ಬನ ಬರವಿಗಾಗಿ ದಾರಿ ನೋಡುತ್ತ ಕೂತಿದ್ದರು. 1584ರ ಸುಮಾರಿಗೆ ವಿರೂಪಾಕ್ಷ ಪಂಡಿತ ಬರೆದ ಚೆನ್ನಬಸವ ಪುರಾಣದಲ್ಲಿ ಕಾಲಜ್ಞಾನದ ಭಾಗವಿದೆ: ವೀರ ವಸಂತರಾಯ ಬರುತ್ತಾನೆ, ಚೆನ್ನಬಸವಣ್ಣ ತಿರುಗಿ ಬರುತ್ತಾನೆ, ಹಾಳಾದ ಕಲ್ಯಾಣ ಮತ್ತೆ ಕಲ್ಯಾಣವಾಗುತ್ತದೆ ಎಂಬ ನಂಬಿಗೆ. 1840ರ ಸುಮಾರಿಗೆ ‘ಕಾಲಜ್ಞಾನಿ’ಗಳೆಂದು ಕರೆಸಿಕೊಳ್ಳುತ್ತಿದ್ದ ಪಂಥದವರು ಬಾಸೆಲ್ ಮಿಷನರಿಗಳ ಬಳಿಗೆ ಬಂದರು, ತಮ್ಮ ಹಳೆಯ ಓಲೆಗಳಲ್ಲಿ ಹೇಳಿದ್ದು ಇವರ ಬರವನ್ನೇ ಇರಬಹುದೆಂದು. ಮಿಷನರಿಗಳಿಗೂ ಆಸೆ ಹುಟ್ಟಿತು. ಗದಗಿನ ಹತ್ತಿರ ಮಲಸಮುದ್ರದಲ್ಲಿ ಜಮೀನು ಹಿಡಿದು ವಸಾಹತು ಮಾಡಿದರು. ಅದು ಕೈಗೂಡಲಿಲ್ಲ. ಎರಡು ಕಡೆಯವರೂ ಒಬ್ಬರ ಮುಖದಲ್ಲಿ ಒಬ್ಬರು ತಮ್ಮ ತಮ್ಮ ಪುಸ್ತಕದ ಕೊನೆಯ ಹಾಳೆ ಹುಡುಕಿದ ಆ ಭೇಟಿಯ ಬಗ್ಗೆ ಯಾರಾದರೂ ಕಾದಂಬರಿ ಬರೆಯಬೇಕಿತ್ತು. ಆ ಪುರಾಣವನ್ನು ಮುಂದೆ 1860ರ ದಶಕದಲ್ಲಿ ಇಂಗ್ಲಿಷಿಗೆ ತಂದವನೂ ಬಾಸೆಲ್ ಮಿಷನ್ನಿನವನೇ, ವ್ಯುರ್ಟ್.

ನಮ್ಮವರ ಜಾಣತನ ಒಂದಿದೆ, ತಾರೀಖು ಹಾಕುವುದಿಲ್ಲ. ವಿಜಯಪುರ ಜಿಲ್ಲೆಯ ಬಬಲಾದಿ ಸದಾಶಿವ ಮುತ್ಯಾನ ಮಠದಲ್ಲಿ ಶಿವರಾತ್ರಿಯ ಹೊತ್ತಿಗೆ ಕಾಲಜ್ಞಾನ ನುಡಿಯುತ್ತಾರೆ. ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಒಂದೇ ವಾಕ್ಯದ ಕಾರಣಿಕ ಹೇಳಿ ಇಳಿಯುತ್ತಾನೆ. ಮರುದಿನ ಚಹಾದಂಗಡಿಯಲ್ಲಿ ಒಬ್ಬ ಮಳೆ ಅಂತಾನೆ, ಒಬ್ಬ ಇಲೆಕ್ಷನ್ನು ಅಂತಾನೆ. ವರ್ಷದ ಕೊನೆಗೆ ಇಬ್ಬರೂ ‘ಹೇಳಿರಲಿಲ್ಲಾ?’ ಅಂತಾರೆ. ಅಮೆರಿಕದ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22 ಅಂತ ದಿನವನ್ನೇ ಹಿಡಿದು, ಬೆಳಗಾಗುವ ತನಕ ಕಾದು, ಅತ್ತು ಮನೆಗೆ ಹೋದರು. ಚಹಾದಂಗಡಿಯಲ್ಲಿ ಯಾರೂ ಅಳಬೇಕಾಗಿ ಬಂದಿಲ್ಲ.

ಕಾಯುವುದನ್ನೇ ಆಟವಾಗಿ ಕಟ್ಟಿದ ಸೀಮೆ ನಮ್ಮದು. ಕುಲಗೋಡದ ತಮ್ಮಣ್ಣ ರೂಪು ಕೊಟ್ಟ, ಕೌಜಲಗಿ ನಿಂಗಮ್ಮ ಮೆರೆಸಿದ ಶ್ರೀಕೃಷ್ಣ ಪಾರಿಜಾತದಲ್ಲಿ ಸತ್ಯಭಾಮೆ ರಾತ್ರಿಯೆಲ್ಲ ಮಾಡುವುದು ಇನ್ನೇನು? ಕೃಷ್ಣ ಬರಲಿಲ್ಲ ಅಂತ ದೂತಿಯ ಕೂಡ ಜಗಳ. ಬೆಳಗಿನ ಜಾವದ ತನಕ ಕಣ್ಣು ಪಿಳುಕಿಸುತ್ತ ಕೂತ ಜನಕ್ಕೆ ಅವನು ಬರುತ್ತಾನೆ ಅಂತ ಮೊದಲೇ ಗೊತ್ತು. ಎದ್ದು ಹೋಗುವವರಿಲ್ಲ.

ಇನ್ನೊಂದು ಶಬ್ದ ಉಳಿದಿದೆ. ಪೌಲ ಕೊರಿಂಥದವರಿಗೆ ಗ್ರೀಕಿನಲ್ಲಿ ಬರೆದ ಕಾಗದದ ಕೊನೆಗೆ ಅರಮಾಯಿಕ್ ಭಾಷೆಯ ಒಂದು ಉದ್ಗಾರವನ್ನು ಹಾಗೆಯೇ ಬಿಟ್ಟಿದ್ದಾನೆ: ಮಾರನಾಥ. ಯೇಸು ಆಡುತ್ತಿದ್ದ ನುಡಿಯ ತುಣುಕು. ಕನ್ನಡದ ಕಣ್ಣಿಗೆ ಇದು ಸಿದ್ಧನಾಥ, ಭೈರವನಾಥರ ತಮ್ಮನಂತೆ ಕಾಣುತ್ತದೆ. ‘ಮಾರ’ ಅಂದರೆ ಮನ್ಮಥ ಬೇರೆ. ಹಳೆಯ ಕೈಬರಹದಲ್ಲಿ ಪದಗಳ ನಡುವೆ ಸಂದು ಬಿಡುತ್ತಿರಲಿಲ್ಲ. ‘ಮಾರನ್ ಅಥ’ ಅಂತ ಒಡೆದರೆ ‘ನಮ್ಮ ಒಡೆಯ ಬಂದ’. ‘ಮಾರನ ಥ’ ಅಂತ ಒಡೆದರೆ ‘ನಮ್ಮ ಒಡೆಯಾ, ಬಾ’. ಒಂದು ಅಕ್ಷರ ಅತ್ತಿತ್ತ ಸರಿದರೆ ಬಂದಾಗಿದೆ, ಇಲ್ಲವೆ ಇನ್ನೂ ಕರೆಯಬೇಕಾಗಿದೆ. ಪಂಡಿತರಲ್ಲಿ ಹೆಚ್ಚಿನವರು ಎರಡನೆಯದರ ಕಡೆ. ಪ್ರಕಟನೆಯ ಕೊನೆಯಲ್ಲಿಯೂ ‘ಬಾ’ ಎಂಬ ಕರೆಯೇ ಇರುವುದರಿಂದ ನನಗೂ ಅದೇ ಒಪ್ಪಿತ. ಆದರೂ ಒಂದು ಮಾತು ಭೂತಕಾಲದಲ್ಲಿದ್ದ ಮಾತ್ರಕ್ಕೆ ಆಗಿಹೋದದ್ದು ಎಂದು ಹಟ ಹಿಡಿಯುವವರು ನಮ್ಮ ಮನೆಯಲ್ಲಿ ಒಂದು ಸಂಜೆ ಕೂತು ನೋಡಬೇಕಿತ್ತು.

ಹೊತ್ತು ಮುಳುಗುವಾಗ ಓಣಿಯ ಹೆಣ್ಣುಮಕ್ಕಳು ಗುಡಿಗೆ ಹೊರಡುವರು. ಕಟ್ಟೆಯ ಹತ್ತಿರ ನಿಂತು, “ಬರ್ತೀಯೇನ ಯವ್ವಾ?” ಅಂತ ಒಬ್ಬಳು ಕೂಗುವಳು.

“ಬಂದ್ನಿ, ಬಂದ್ನಿ!” ಅನ್ನುವಳು ಆಯಿ.

ಮೊರ ತೊಡೆಯ ಮೇಲೇ ಇರುತ್ತಿತ್ತು. ಹರಳು ಆರಿಸಿ ಮುಗಿದಿರುತ್ತಿರಲಿಲ್ಲ. ಓಣಿಯಲ್ಲಿ ಅವರು ನಿಂತೇ ಇರುತ್ತಿದ್ದರು.